ರ‍್ಯಾಂಪ್ ಮೇಲೆ ನಮ್ಮ ಸೀರೆ, ನಮ್ಮ ಚಪ್ಪಲಿ: ಹೆಸರು ಮಾತ್ರ ಯಾರದ್ದು?

2025ರ ಜೂನ್ 22ರಂದು ಇಟಲಿಯ ಮಿಲಾನ್‌ನಲ್ಲಿ ಪ್ರಾಡಾ ಕಂಪನಿಯ ಪುರುಷರ ಉಡುಪಿನ ಫ್ಯಾಷನ್ ಶೋ ನಡೆಯಿತು. 2026ರ ಬೇಸಿಗೆಗೆಂದು ತಯಾರಿಸಿದ ಬಟ್ಟೆಗಳ ಪ್ರದರ್ಶನ ಅದು. ಆದರೆ ನಮ್ಮ ದೇಶದಲ್ಲಿ ಸುದ್ದಿಯಾದದ್ದು ಬಟ್ಟೆಯಲ್ಲ, ಮಾಡೆಲ್‌ಗಳ ಕಾಲಿನಲ್ಲಿದ್ದ ಚಪ್ಪಲಿ. ನೋಡಿದ ಕೂಡಲೇ ಯಾರಾದರೂ ಗುರುತಿಸಬಹುದಾದ ಕೊಲ್ಹಾಪುರಿ ಮಾದರಿ. ಕಂಪನಿ ಅದನ್ನು ಕರೆದದ್ದು ಬರೀ 'ಚರ್ಮದ ಸ್ಯಾಂಡಲ್' ಎಂದು. ಎಲ್ಲಿಯದು, ಯಾರದು ಎಂಬ ಮಾತೇ ಇರಲಿಲ್ಲ.

ಆ ಗಲಾಟೆ ನಡೆದಾಗ ಮೊಬೈಲ್‌ನಲ್ಲಿ ಸುದ್ದಿ ಓದಿ ಮುಂದೆ ಸರಿಸಿದವರಲ್ಲಿ ನಾನೂ ಒಬ್ಬ. ಅದರ ಅರ್ಥ ಸರಿಯಾಗಿ ಆದದ್ದು ಕೆಲವು ತಿಂಗಳ ನಂತರ, ಗೋವಾದಲ್ಲಿ ನಡೆದ ಒಂದು ಫ್ಯಾಷನ್ ವೀಕ್‌ನಲ್ಲಿ ಪ್ರೇಕ್ಷಕನಾಗಿ ನಿಂತಾಗ. ಕುಳಿತಾಗ ಅಲ್ಲ, ನಿಂತಾಗ. ಯಾಕೆಂದರೆ ನನಗೆ ಸಿಕ್ಕಿದ್ದು ನಿಲ್ಲುವ ಪಾಸು.

ನಮ್ಮೂರು ಮಾಜಾಳಿ. ಕಾಳಿ ನದಿಯ ಉತ್ತರಕ್ಕೆ ಕರ್ನಾಟಕದ ಅಂಚಿನಲ್ಲಿರುವ ಊರು. ಚೆಕ್‌ಪೋಸ್ಟ್ ದಾಟಿದರೆ ಗೋವಾದ ಪೊಳೆಂ. ಪದವಿ ಮುಗಿಸಿದ ನಮ್ಮ ಕಡೆಯ ಹುಡುಗ ಹುಡುಗಿಯರಿಗೆ ಕೆಲಸ ಎಂದರೆ ಮೊದಲು ನೆನಪಾಗುವುದು ಮಡಗಾಂವ್, ವೆರ್ಣಾ, ಪಣಜಿ. ದೊಡ್ಡಪ್ಪನ ಮಗ ಅಣ್ಣ ಅಲ್ಲಿನ ಹೋಟೆಲ್ಲೊಂದರಲ್ಲಿ ಕೆಲಸಕ್ಕಿದ್ದಾನೆ. ಅವನ ಕೈಯಿಂದ ಪಾಸು ಬಂತು. "ಬಾ, ಒಮ್ಮೆ ನೋಡು. ಟಿವಿಯಲ್ಲಿ ಕಾಣುವುದೇ ಬೇರೆ, ಇಲ್ಲಿ ನಡೆಯುವುದೇ ಬೇರೆ" ಎಂದ. ಅವನ ಮಾತು ನಿಜವಾಗಿತ್ತು.

ಹನ್ನೆರಡು ನಿಮಿಷದ ವ್ಯಾಪಾರ

ಫ್ಯಾಷನ್ ಶೋ ಎಂದರೆ ಚೆಂದದ ಬಟ್ಟೆ ಹಾಕಿಕೊಂಡು ನಡೆಯುವ ಮನರಂಜನೆ ಎಂದು ನಾವು ತಿಳಿದಿದ್ದೇವೆ. ಅಸಲಿಗೆ ಅದೊಂದು ಸಂತೆ. ಸಿನಿಮಾದಂತೆ ಟಿಕೆಟ್ ಕೊಂಡು ಹೋಗುವ ಜಾಗವಲ್ಲ, ಬಹುತೇಕ ಕಡೆ ಆಹ್ವಾನ ಇದ್ದವರಿಗಷ್ಟೇ ಪ್ರವೇಶ. ಅಮೆರಿಕದ ನ್ಯೂಯಾರ್ಕ್‌ನಲ್ಲಿ 1943ರಲ್ಲಿ ಎಲಿನಾರ್ ಲ್ಯಾಂಬರ್ಟ್ ಎಂಬ ಪ್ರಚಾರಕಿ ಇದನ್ನು ಆರಂಭಿಸಿದಾಗ ಅದರ ಹೆಸರೇ 'ಪ್ರೆಸ್ ವೀಕ್'. ಎರಡನೇ ಮಹಾಯುದ್ಧದಿಂದಾಗಿ ಪತ್ರಕರ್ತರು ಪ್ಯಾರಿಸ್‌ಗೆ ಹೋಗುವಂತಿರಲಿಲ್ಲ. ಹಾಗಾದರೆ ನಮ್ಮ ದೇಶದ ವಿನ್ಯಾಸಕಾರರ ಬಟ್ಟೆಯನ್ನೇ ತೋರಿಸೋಣ ಎಂದು ಆಕೆ ಪತ್ರಕರ್ತರನ್ನು ಕರೆಸಿದರು. ಅಂದರೆ ಫ್ಯಾಷನ್ ವೀಕ್ ಹುಟ್ಟಿದ್ದೇ 'ಇದು ನಮ್ಮವರ ಕೆಲಸ, ಇವರ ಹೆಸರು ಬರೆಯಿರಿ' ಎಂದು ಹೇಳುವುದಕ್ಕೆ. ಈ ಮಾತು ಮುಂದೆ ಬೇಕಾಗುತ್ತದೆ, ನೆನಪಿಟ್ಟುಕೊಳ್ಳಿ.

ಭಾರತದಲ್ಲಿ ವಿನ್ಯಾಸಕಾರರ ಸಂಸ್ಥೆ ಎಫ್‌ಡಿಸಿಐ 1998ರಲ್ಲಿ ಶುರುವಾಯಿತು. 2000ದಲ್ಲಿ ದೆಹಲಿಯಲ್ಲಿ ಮೊದಲ ಇಂಡಿಯಾ ಫ್ಯಾಷನ್ ವೀಕ್ ನಡೆಯಿತು. ಮುಂಬೈನಲ್ಲಿ ಲ್ಯಾಕ್ಮೆ ಫ್ಯಾಷನ್ ವೀಕ್ ಇದೆ. ಬೆಂಗಳೂರೂ ತನ್ನದೇ ಫ್ಯಾಷನ್ ವೀಕ್‌ಗಳನ್ನು ಕಂಡಿದೆ. ಎಲ್ಲ ಕಡೆಯೂ ಕ್ರಮ ಹೆಚ್ಚು ಕಡಿಮೆ ಒಂದೇ. ಮುಂದಿನ ಋತುವಿನ ಬಟ್ಟೆಯನ್ನು ತಿಂಗಳುಗಟ್ಟಲೆ ಮೊದಲೇ ತೋರಿಸುವುದು, ಅಂಗಡಿಯವರು ಆರ್ಡರ್ ಕೊಡುವುದು, ಪತ್ರಿಕೆಯವರು ಬರೆಯುವುದು, ಪ್ರಾಯೋಜಕರು ಹಣ ಹಾಕುವುದು.

ನಾನು ನೋಡಿದ ಶೋದಲ್ಲಿ ಕುರ್ಚಿಗಳೇ ಎಲ್ಲವನ್ನೂ ಹೇಳುತ್ತಿದ್ದವು. ಮುಂದಿನ ಸಾಲಿನ ಪ್ರತಿ ಕುರ್ಚಿಗೂ ಹೆಸರಿನ ಚೀಟಿ. ಅಲ್ಲಿ ದೊಡ್ಡ ಅಂಗಡಿಗಳ ಖರೀದಿದಾರರು, ಪತ್ರಿಕೆಯವರು, ಸಿನಿಮಾದವರು, ಈಗೀಗ ಇನ್‌ಸ್ಟಾಗ್ರಾಂ ಇನ್‌ಫ್ಲುಯೆನ್ಸರ್‌ಗಳು. ಎರಡನೇ ಸಾಲು ಅವರ ಪರಿಚಯದವರಿಗೆ. ಅದರ ಹಿಂದೆ ಫ್ಯಾಷನ್ ಕಾಲೇಜಿನ ವಿದ್ಯಾರ್ಥಿಗಳು. ಗೋಡೆಗೆ ಒರಗಿ ನಾವು. ರ‍್ಯಾಂಪ್‌ನ ತುದಿಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಫೋಟೊಗ್ರಾಫರ್‌ಗಳು. ಮಾಡೆಲ್ ಆ ತುದಿಗೆ ಬಂದು ಒಂದು ಕ್ಷಣ ನಿಲ್ಲುವುದು ನಮಗಾಗಿ ಅಲ್ಲ, ಆ ಕ್ಯಾಮೆರಾಗಳಿಗಾಗಿ. ಶೋ ಐವತ್ತು ನಿಮಿಷ ತಡವಾಗಿ ಶುರುವಾಗಿ ಹನ್ನೆರಡು ನಿಮಿಷದಲ್ಲಿ ಮುಗಿಯಿತು. ಕಾರವಾರದ ಬಸ್ಸಿನ ಚಿಂತೆಯಲ್ಲಿದ್ದ ನನಗೆ ಮೊದಲು ಅನ್ನಿಸಿದ್ದು, 'ಇಷ್ಟೇನಾ?'

ಇಷ್ಟೇ ಅಲ್ಲ. ಆ ಹನ್ನೆರಡು ನಿಮಿಷದ ಹಿಂದೆ ತಿಂಗಳುಗಳ ಕೆಲಸ ಇದೆ. ಮುಗಿದ ಮೇಲೆ ಹಿಂಬಾಗಿಲ ಬಳಿ ಅಣ್ಣನಿಗಾಗಿ ಕಾಯುತ್ತಿದ್ದಾಗ ಬಾಗಲಕೋಟೆ ಕಡೆಯ ಒಬ್ಬ ಹುಡುಗ ಸಿಕ್ಕ. ಟೈಲರ್. ಶೋ ದಿನ ಮಾಡೆಲ್‌ಗಳಿಗೆ ಬಟ್ಟೆ ತೊಡಿಸುವ ಕೆಲಸವೂ ಅವನದ್ದೇ. "ಒಂದು ಬಟ್ಟಿ ಬಿಚ್ಚಿ ಇನ್ನೊಂದು ಹಾಕಾಕ ಒಂದೂವರೆ ನಿಮಿಷರೀ. ಅಷ್ಟರಾಗ ಸೀರಿ ಉಡಸಾಕ ಆಗಂಗಿಲ್ಲ. ಅದಕ್ಕ ಮೊದಲ ಹೊಲದು ಇಟ್ಟಿರ್ತೀವಿ, ಹಿಂದ ಹುಕ್ಕು ಹಾಕೂದು ಅಷ್ಟ" ಎಂದ. ಪ್ರತಿ ಮಾಡೆಲ್‌ಗೂ ಒಂದು ಸ್ಟ್ಯಾಂಡ್, ಅದರ ಮೇಲೆ ಆಕೆಯ ಫೋಟೊ, ಯಾವ ಬಟ್ಟೆ ಎಷ್ಟನೇ ಸರದಿ ಎಂಬ ಪಟ್ಟಿ, ಚಪ್ಪಲಿ, ಓಲೆ ಎಲ್ಲ ಚೀಲದಲ್ಲಿ ಕಟ್ಟಿ ಇಟ್ಟಿರುತ್ತಾರಂತೆ. ನಮ್ಮ ಕಡೆ ಯಕ್ಷಗಾನದ ಚೌಕಿಯಲ್ಲಿ ವೇಷ ಕಟ್ಟುವ ಶಿಸ್ತು ನೆನಪಾಯಿತು.

ಕರಪತ್ರದಲ್ಲಿ ಇಲ್ಲದ ಹೆಸರು

ಅಂದು ಕೊನೆಗೆ ಬಂದ ನಾಲ್ಕೈದು ಉಡುಪುಗಳಲ್ಲಿ ಕೆಂಪು ಚೌಕಳಿ ಸೀರೆ ಇತ್ತು. ಹೆಗಲ ಮೇಲೆ ಗಂಟು. ಕುತ್ತಿಗೆ ತುಂಬ ಮಣಿಸರ. 'ಕರಾವಳಿಯ ಸ್ಫೂರ್ತಿ' ಎಂದು ಮೈಕಿನಲ್ಲಿ ಹೇಳಿದರು. ಚಪ್ಪಾಳೆ ಬಿತ್ತು. ನನಗೆ ಮಾತ್ರ ಅದು ಸ್ಫೂರ್ತಿಯಾಗಿ ಕಾಣಲಿಲ್ಲ, ಪರಿಚಯದವರಾಗಿ ಕಂಡಿತು. ಆ ಸೀರೆ ಗೋವಾದ ಕುಣಬಿ ಹೆಂಗಸರದ್ದು. ಆ ಮಣಿಸರ ಅಂಕೋಲಾದ ಸಂತೆಯಲ್ಲಿ ಸೊಪ್ಪು, ತರಕಾರಿ ಮಾರಲು ಕೂರುವ ಹಾಲಕ್ಕಿ ಒಕ್ಕಲಿಗ ಅಮ್ಮಂದಿರ ಕೊರಳಲ್ಲಿ ನಾನು ಚಿಕ್ಕಂದಿನಿಂದ ಕಂಡದ್ದು.

ಕೈಯಲ್ಲಿದ್ದ ಕರಪತ್ರ ತಿರುವಿ ನೋಡಿದೆ. ಮೇಕಪ್ ಯಾರದು, ಕೇಶಾಲಂಕಾರ ಯಾರದು, ಸಂಗೀತ, ಬೆಳಕು, ಪಾನೀಯದ ಪ್ರಾಯೋಜಕರು, ಎಲ್ಲ ಇತ್ತು. ಮೂವತ್ತಕ್ಕೂ ಹೆಚ್ಚು ಹೆಸರು. ನೇಯ್ದವರದ್ದಿಲ್ಲ, ಮಣಿ ಪೋಣಿಸಿದವರದ್ದಿಲ್ಲ, ಯಾವ ಸಮುದಾಯದ ಉಡುಗೆ ಎಂಬ ಒಂದು ಸಾಲೂ ಇಲ್ಲ. ಮಿಲಾನ್‌ನ ಸುದ್ದಿ ನನಗೆ ಅರ್ಥವಾದದ್ದು ಆಗ.

ಇದು ಹೀಗೆಯೇ ಇರಬೇಕೆಂದೇನೂ ಇಲ್ಲ. ಅದೇ ಗೋವಾದಲ್ಲಿ ವೆಂಡೆಲ್ ರೊಡ್ರಿಗ್ಸ್ ಎಂಬ ವಿನ್ಯಾಸಕಾರರಿದ್ದರು. ಅಳಿವಿನಂಚಿಗೆ ಬಂದಿದ್ದ ಕುಣಬಿ ಸೀರೆಯನ್ನು ಹುಡುಕಿ, ಮತ್ತೆ ನೇಯಿಸಿ, 2010ರಲ್ಲಿ ದೆಹಲಿಯ ಫ್ಯಾಷನ್ ವೀಕ್‌ಗೆ ಒಯ್ದರು. ಮುಖ್ಯವಾದದ್ದೆಂದರೆ, ಅದನ್ನು ಕುಣಬಿ ಸೀರೆ ಎಂದೇ ಕರೆದರು. ಗೋವಾದ ಉಡುಗೆ ತೊಡುಗೆಯ ಇತಿಹಾಸವನ್ನು 'ಮೋಡಾ ಗೋವಾ' ಎಂಬ ಪುಸ್ತಕವಾಗಿ ಬರೆದರು. ಊರಾದ ಕೊಲ್ವಾಳದ ತಮ್ಮ ಮನೆಯನ್ನೇ ಉಡುಪಿನ ವಸ್ತುಸಂಗ್ರಹಾಲಯಕ್ಕೆ ಬಿಟ್ಟುಕೊಟ್ಟರು. 2014ರಲ್ಲಿ ಪದ್ಮಶ್ರೀ ಬಂತು, 2020ರ ಫೆಬ್ರುವರಿಯಲ್ಲಿ ತೀರಿಕೊಂಡರು. ಇಂದು ಗೋವಾದ ಅಂಗಡಿಗಳಲ್ಲಿ ಕುಣಬಿ ಎಂಬ ಹೆಸರಿನಲ್ಲೇ ಸೀರೆ ಮಾರಾಟವಾಗುತ್ತಿದ್ದರೆ ಅದರಲ್ಲಿ ಅವರ ಪಾಲು ದೊಡ್ಡದು. ಹಾಗಾಗಿ ರ‍್ಯಾಂಪ್ ಕೆಟ್ಟದ್ದು ಎನ್ನುವುದು ನನ್ನ ವಾದವಲ್ಲ. ರ‍್ಯಾಂಪ್ ಒಂದು ಕಲೆಯನ್ನು ಉಳಿಸಲೂಬಹುದು, ಅದರ ಹೆಸರು ಅಳಿಸಲೂಬಹುದು.

ಪ್ರಾಡಾ ಪ್ರಕರಣದಲ್ಲಿ ಆದದ್ದೇನು?

ಮಿಲಾನ್ ಶೋ ನಂತರ ಮಹಾರಾಷ್ಟ್ರ ಮತ್ತು ಕರ್ನಾಟಕ ಎರಡೂ ಕಡೆ ಸಿಟ್ಟು ಬಂತು. ಕರ್ನಾಟಕಕ್ಕೇಕೆ ಎಂದು ಕೇಳುವವರು ನಮ್ಮಲ್ಲೇ ಇದ್ದಾರೆ. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಗುರುತು, ಅಂದರೆ ಜಿಐ ಟ್ಯಾಗ್ ಸಿಕ್ಕಿತು. ಅದು ಎಂಟು ಜಿಲ್ಲೆಗಳಿಗೆ ಸೇರಿದ್ದು. ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗ್ಲಿ, ಸಾತಾರಾ, ಸೊಲ್ಲಾಪುರ; ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ. ಅಥಣಿ, ನಿಪ್ಪಾಣಿ ಕಡೆ ತಲೆಮಾರುಗಳಿಂದ ಈ ಚಪ್ಪಲಿ ಮಾಡುವ ಕುಟುಂಬಗಳಿವೆ. ಜಿಐನ ನೋಂದಾಯಿತ ಒಡೆತನವೂ ಎರಡು ರಾಜ್ಯಗಳ ಚರ್ಮೋದ್ಯಮ ನಿಗಮಗಳದ್ದು: ಮಹಾರಾಷ್ಟ್ರದ ಲಿಡ್ಕಾಂ, ನಮ್ಮ ಲಿಡ್ಕರ್. ಸಚಿವ ಪ್ರಿಯಾಂಕ್ ಖರ್ಗೆ ಅವರು ಆಗ ಇದನ್ನೇ ನೆನಪಿಸಿ, ನಮ್ಮ ಕುಶಲಕರ್ಮಿಗಳ ಹೆಸರೂ ಬರಬೇಕು ಎಂದಿದ್ದರು.

ಟೀಕೆ ಜೋರಾದ ಮೇಲೆ ಪ್ರಾಡಾ, ಈ ಚಪ್ಪಲಿಗೆ ಭಾರತದ ಸಾಂಪ್ರದಾಯಿಕ ಕೈಕಸುಬೇ ಪ್ರೇರಣೆ ಎಂದು ಒಪ್ಪಿಕೊಂಡಿತು. ಬಾಂಬೆ ಹೈಕೋರ್ಟ್‌ನಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿಯೂ ಬಿತ್ತು. ಜುಲೈನಲ್ಲಿ ಅದು ವಜಾ ಆಯಿತು. ಜಿಐನ ನೋಂದಾಯಿತ ಮಾಲೀಕರು ನೀವಲ್ಲ, ಪ್ರಶ್ನಿಸುವುದಿದ್ದರೆ ಅವರು ಬರಬೇಕು ಎಂಬುದು ನ್ಯಾಯಾಲಯದ ನಿಲುವಿನ ಸಾರ. ಡಿಸೆಂಬರ್‌ನಲ್ಲಿ ಕಥೆ ಬೇರೆ ತಿರುವು ಪಡೆಯಿತು. ಪ್ರಾಡಾ, ಲಿಡ್ಕಾಂ ಮತ್ತು ಲಿಡ್ಕರ್ ಜೊತೆ ಒಪ್ಪಂದಕ್ಕೆ ಬಂತು. ಮಹಾರಾಷ್ಟ್ರ ಮತ್ತು ಕರ್ನಾಟಕದಲ್ಲಿ 2,000 ಜೊತೆ ಚಪ್ಪಲಿ ತಯಾರಿಸಿ, 2026ರ ಫೆಬ್ರುವರಿಯಿಂದ ಜಗತ್ತಿನ 40 ಮಳಿಗೆಗಳಲ್ಲಿ ಮಾರುವುದಾಗಿ ಹೇಳಿತು. ಬೆಲೆ ಜೊತೆಗೆ ಸುಮಾರು 800 ಯೂರೊ. ನಮ್ಮ ಲೆಕ್ಕದಲ್ಲಿ 80 ಸಾವಿರ ರೂಪಾಯಿ ದಾಟುತ್ತದೆ. ಕುಶಲಕರ್ಮಿಗಳಿಗೆ ತರಬೇತಿ ಕೊಡುವ ಮಾತೂ ಒಪ್ಪಂದದಲ್ಲಿದೆ.

ಈ ಬೆಳವಣಿಗೆಯಿಂದ ನಾನು ಕಲಿತದ್ದು ಮೂರು ವಿಷಯ.

ಒಂದು, ಕಾನೂನಿನ ಮಿತಿ. 1999ರ ಜಿಐ ಕಾಯ್ದೆ ಕಾಯುವುದು ಮುಖ್ಯವಾಗಿ ಹೆಸರನ್ನು. ಎಂಟು ಜಿಲ್ಲೆಯ ಹೊರಗೆ ಮಾಡಿದ್ದನ್ನು 'ಕೊಲ್ಹಾಪುರಿ' ಎಂದು ಮಾರಿದರೆ ತಪ್ಪು. ಆದರೆ ಅದೇ ಆಕಾರದ ಚಪ್ಪಲಿ ಮಾಡಿ 'ಚರ್ಮದ ಸ್ಯಾಂಡಲ್' ಎಂದರೆ ಹಿಡಿಯುವುದು ಕಷ್ಟ. ಮೇಲಾಗಿ ಇಲ್ಲಿನ ನೋಂದಣಿ ಇಟಲಿಯಲ್ಲಿ ತಾನಾಗಿ ಅನ್ವಯವಾಗುವುದಿಲ್ಲ. ಅಂದರೆ ಹೆಸರು ಹೇಳದಿರುವುದೇ ಅವರಿಗೆ ಅನುಕೂಲವಾಗಿತ್ತು.

ಎರಡು, ಕಾಗದದ ಬಲ. ಕಾನೂನು ಸೋತ ಕಡೆ ಒಪ್ಪಂದ ಆದದ್ದು ಹೇಗೆ? ಜನರ ಸಿಟ್ಟು ಒಂದು ಕಾರಣ. ಮಾತುಕತೆಗೆ ಕೂರಲು ಒಬ್ಬ ನೋಂದಾಯಿತ ಮಾಲೀಕ ಇದ್ದದ್ದು ಇನ್ನೊಂದು. ಸಿಟ್ಟು ವಾರದಲ್ಲಿ ಇಳಿಯುತ್ತದೆ, ನೋಂದಣಿ ಉಳಿಯುತ್ತದೆ. ಅದಿಲ್ಲದಿದ್ದರೆ ಕಂಪನಿ ಯಾರೊಂದಿಗೆ ಸಹಿ ಹಾಕಬೇಕಿತ್ತು?

ಮೂರನೆಯದು ನಮಗೇ ಕಹಿ. ಈ ಚಪ್ಪಲಿ ಮಾಡುವವರು ಬಹುಪಾಲು ಸಮಗಾರ, ಡೋರ ಮೊದಲಾದ ದಲಿತ ಸಮುದಾಯದವರು. ಹನ್ನೆರಡನೇ ಶತಮಾನದ ಹರಳಯ್ಯನ ಕಥೆ ನಾವು ಭಾಷಣದಲ್ಲಿ ಹೇಳುತ್ತೇವೆ. ಆದರೆ ಅಥಣಿಯ ಒಬ್ಬ ಕುಶಲಕರ್ಮಿಯ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಚಪ್ಪಲಿ ಕೊಳ್ಳುವಾಗ ಚೌಕಾಸಿ ಮಾಡಿ ಐವತ್ತು ರೂಪಾಯಿ ಇಳಿಸಿದ್ದೇ ಸಾಧನೆ ಎಂದುಕೊಳ್ಳುತ್ತೇವೆ. ಹೆಸರು ಅಳಿಸುವ ಕೆಲಸ ಮಿಲಾನ್‌ನಲ್ಲಿ ಶುರುವಾದದ್ದಲ್ಲ.

ಉಡುಗೆಗೆ ಚಪ್ಪಾಳೆ, ಉಟ್ಟವರಿಗೆ?

ನಮ್ಮ ಜಿಲ್ಲೆಗೆ ಬರೋಣ. 2021ರ ನವೆಂಬರ್‌ನಲ್ಲಿ ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ ತುಳಸಿ ಗೌಡ ಅವರು ರಾಷ್ಟ್ರಪತಿ ಭವನದ ಕೆಂಪು ಹಾಸಿನ ಮೇಲೆ ಬರಿಗಾಲಲ್ಲಿ, ಹಾಲಕ್ಕಿ ಉಡುಗೆಯಲ್ಲಿ, ಕೊರಳು ತುಂಬ ಮಣಿಸರದೊಂದಿಗೆ ನಡೆದು ಪದ್ಮಶ್ರೀ ಸ್ವೀಕರಿಸಿದರು. ಆ ಫೋಟೊ ದೇಶದ ತುಂಬ ಹರಿದಾಡಿತು. ಅದಕ್ಕೂ ಮೊದಲು 2017ರಲ್ಲಿ ಬಡಗೇರಿಯ ಸುಕ್ರಿ ಬೊಮ್ಮಗೌಡ, ನಮ್ಮೆಲ್ಲರ ಸುಕ್ರಜ್ಜಿ, ಹಾಡಿಗಾಗಿ ಪದ್ಮಶ್ರೀ ಪಡೆದಿದ್ದರು. ತುಳಸಜ್ಜಿ 2024ರ ಡಿಸೆಂಬರ್‌ನಲ್ಲಿ, ಸುಕ್ರಜ್ಜಿ 2025ರ ಫೆಬ್ರುವರಿಯಲ್ಲಿ ನಮ್ಮನ್ನು ಅಗಲಿದರು.

ಹಾಲಕ್ಕಿ ಉಡುಗೆಯನ್ನು ದೇಶ ನೋಡಿದೆ, ಮೆಚ್ಚಿದೆ. ಆದರೆ ಹಾಲಕ್ಕಿ ಒಕ್ಕಲಿಗರು ದಶಕಗಳಿಂದ ಕೇಳುತ್ತಿರುವ ಪರಿಶಿಷ್ಟ ಪಂಗಡದ ಸ್ಥಾನ ಮಾತ್ರ ಸಿಕ್ಕಿಲ್ಲ. ಸುಕ್ರಜ್ಜಿ ಆ ಬೇಡಿಕೆಯನ್ನು ಹಲವು ಸಲ ಎತ್ತಿದ್ದರು. ಕುಣಬಿಗಳ ಸ್ಥಿತಿ ಇನ್ನೂ ವಿಚಿತ್ರ. ಗೋವಾದಲ್ಲಿ ಗಾವಡಾ, ಕುಣಬಿ, ವೇಳಿಪ ಸಮುದಾಯಗಳಿಗೆ 2003ರಲ್ಲೇ ಪರಿಶಿಷ್ಟ ಪಂಗಡದ ಮಾನ್ಯತೆ ಬಂದಿದೆ. ಗಡಿಯ ಈಚೆ ನಮ್ಮ ಜೊಯಿಡಾದ ಕುಣಬಿಗಳು ಅದಕ್ಕಾಗಿ ಇಂದಿಗೂ ಮನವಿ ಕೊಡುತ್ತಲೇ ಇದ್ದಾರೆ. ಹೆಸರು ಒಂದೇ, ಬದುಕೂ ಬಹುಮಟ್ಟಿಗೆ ಒಂದೇ. ನಡುವೆ ಇರುವುದು ಒಂದು ರಾಜ್ಯದ ಗಡಿ. ಹಾಸ್ಟೆಲ್ ಸೀಟು, ವಿದ್ಯಾರ್ಥಿ ವೇತನ, ಉದ್ಯೋಗದ ಮೀಸಲಾತಿ ಎಲ್ಲವೂ ಆ ಗೆರೆಯ ಮೇಲೆ ನಿಂತಿದೆ. ಕೆಲಸ ಹುಡುಕುತ್ತಿರುವ ನಮಗೆ ಇದರ ಬೆಲೆ ಬಿಡಿಸಿ ಹೇಳಬೇಕಾಗಿಲ್ಲ.

'ಜಿಐ ಮಾಡಿಸಿದರಾಯಿತು' ಎಂದು ಕೆಲವು ಗೆಳೆಯರು ಹೇಳುತ್ತಾರೆ. ನಮ್ಮ ಅಂಕೋಲಾದ ಕರಿ ಇಶಾಡ ಮಾವಿಗೆ 2023ರಲ್ಲಿ ಜಿಐ ಸಿಕ್ಕಿದೆ, ಸಂತೋಷ. ಆದರೆ ಜಿಐ ಇರುವುದು ಸರಕಿಗೆ: ಮಾವು, ಸೀರೆ, ಚಪ್ಪಲಿ. ಸೀರೆ ಉಡುವ ರೀತಿಗೆ, ಗಂಟು ಹಾಕುವ ಕ್ರಮಕ್ಕೆ ಅದು ಸಿಗುವುದಿಲ್ಲ. ಅಲ್ಲಿ ಉಳಿಯುವುದು ಮರ್ಯಾದೆಯ ಪ್ರಶ್ನೆ ಮತ್ತು ದಾಖಲೆಯ ಪ್ರಶ್ನೆ. ಯಾರದ್ದು ಎಂದು ಬರೆದಿಟ್ಟರೆ ನಾಳೆ ಯಾರೂ 'ಕರಾವಳಿಯ ಸ್ಫೂರ್ತಿ' ಎಂದಷ್ಟೇ ಹೇಳಿ ಜಾರಿಕೊಳ್ಳಲಾಗದು.

ಇದಕ್ಕೆ ಎದುರು ವಾದವೂ ಇದೆ, ಅದನ್ನು ತಳ್ಳಿಹಾಕಬಾರದು. ಬಟ್ಟೆಯ ಇತಿಹಾಸವೇ ಕೊಡುಕೊಳ್ಳುವಿಕೆಯದ್ದು. ಪೋರ್ಚುಗೀಸರು ಬರದಿದ್ದರೆ ಗೋವಾದ ಉಡುಗೆ ಹೀಗಿರುತ್ತಿರಲಿಲ್ಲ. ನಾವು ಹಾಕುವ ಜೀನ್ಸ್‌ಗೆ ನಾವು ಯಾರ ಅನುಮತಿಯನ್ನೂ ಕೇಳಿಲ್ಲ. 'ನಮ್ಮದನ್ನು ಯಾರೂ ಮುಟ್ಟಬಾರದು' ಎಂದರೆ ಮೊದಲು ಸಾಯುವುದು ಆ ಕಲೆಯೇ. ಕೊಳ್ಳುವವರಿಲ್ಲದ ಮಗ್ಗ ಎಷ್ಟು ದಿನ ನಡೆದೀತು? ಒಪ್ಪುತ್ತೇನೆ. ಆದರೆ ತೆಗೆದುಕೊಳ್ಳುವುದಕ್ಕೂ ಹೆಸರು ಹೇಳಿ, ಬೆಲೆ ಕೊಟ್ಟು ತೆಗೆದುಕೊಳ್ಳುವುದಕ್ಕೂ ವ್ಯತ್ಯಾಸವಿದೆ. ಜೀನ್ಸ್ ಮಾಡಿದ ಕಂಪನಿಯ ಹೆಸರು ಅದರ ಸೊಂಟದ ಪಟ್ಟಿಯ ಮೇಲೇ ಇರುತ್ತದೆ. ಅಷ್ಟೇ ಅನುಕೂಲ ನಮ್ಮ ನೇಕಾರರಿಗೂ ಸಿಗಲಿ ಎನ್ನುವುದು ದೊಡ್ಡ ಬೇಡಿಕೆಯಲ್ಲ.

ನಮ್ಮ ಕೈಯಲ್ಲಿ ಏನಿದೆ?

ಫ್ಯಾಷನ್ ಎಂದರೆ ಮಾಡೆಲ್ ಇಲ್ಲವೇ ಡಿಸೈನರ್, ಎರಡೇ ಕೆಲಸ ಎಂದು ನಾನೂ ಭಾವಿಸಿದ್ದೆ. ಆ ಹಿಂಬಾಗಿಲಲ್ಲಿ ಕಂಡದ್ದೇ ಬೇರೆ. ಪ್ಯಾಟರ್ನ್ ಕತ್ತರಿಸುವವರು, ಸ್ಯಾಂಪಲ್ ಹೊಲಿಯುವವರು, ಆರ್ಡರ್ ಲೆಕ್ಕ ಇಡುವ ಮರ್ಚೆಂಡೈಸರ್‌ಗಳು, ಬಟ್ಟೆಯ ಗುಣಮಟ್ಟ ನೋಡುವವರು, ಬೆಳಕಿನವರು, ಫೋಟೊ ತೆಗೆಯುವವರು. ಬೆಂಗಳೂರಿನ ನಿಫ್ಟ್‌ಗೆ ಪ್ರವೇಶ ಪಡೆದವರಷ್ಟೇ ಅಲ್ಲ, ಐಟಿಐ, ಡಿಪ್ಲೊಮಾ, ಬಿ.ಕಾಂ. ಮಾಡಿದವರಿಗೂ ಅಲ್ಲಿ ಜಾಗ ಇದೆ. ಕರ್ನಾಟಕದ ಗಾರ್ಮೆಂಟ್ಸ್‌ನಲ್ಲಿ ಲಕ್ಷಾಂತರ ಜನ, ಅದರಲ್ಲೂ ಹೆಣ್ಣುಮಕ್ಕಳು ದುಡಿಯುತ್ತಿದ್ದಾರೆ.

ಇನ್ನೊಂದು ಕೆಲಸ ಇದೆ. ಅದಕ್ಕೆ ಇನ್ನೂ ಯಾರೂ ಹುದ್ದೆಯ ಹೆಸರಿಟ್ಟಿಲ್ಲ. ಜಿಐ ಇರುವ ವಸ್ತುವನ್ನು ಮಾಡುವವರು ಚೆನ್ನೈನ ಜಿಐ ನೋಂದಣಿ ಕಚೇರಿಯಲ್ಲಿ 'ಅಧಿಕೃತ ಬಳಕೆದಾರ' ಎಂದು ಹೆಸರು ಬರೆಸಬೇಕು. ಆಗ ಅವರ ಹಕ್ಕಿಗೆ ಬಲ ಬರುತ್ತದೆ. ಅರ್ಜಿ, ದಾಖಲೆ, ಆನ್‌ಲೈನ್ ಎಂದರೆ ಮಗ್ಗದ ಮುಂದೆ, ಚರ್ಮದ ಮುಂದೆ ಕೂತ ಹಿರಿಯರಿಗೆ ತಲೆನೋವು. ನಮಗೆ ಅದು ಒಂದು ಮಧ್ಯಾಹ್ನದ ಕೆಲಸ. ಎನ್‌ಎಸ್‌ಎಸ್ ಘಟಕಗಳು ಶಿಬಿರದಲ್ಲಿ ಗಿಡ ನೆಡುವುದರ ಜೊತೆಗೆ ಇದನ್ನೂ ಮಾಡಬಹುದು. ಹಾಲಕ್ಕಿ, ಕುಣಬಿ ಉಡುಗೆಯ ಕ್ರಮವನ್ನು ಅವರ ಒಪ್ಪಿಗೆ ಪಡೆದು, ಅವರ ಮಾತಿನಲ್ಲೇ ವಿಡಿಯೊ ಮಾಡಿಡಬಹುದು.

ಕೊನೆಗೊಂದು ಸಣ್ಣ ಸಲಹೆ. ವರ್ಷಕ್ಕೊಮ್ಮೆ ನಮ್ಮ ಕಾಲೇಜುಗಳಲ್ಲಿ 'ಟ್ರೆಡಿಷನಲ್ ಡೇ' ಬರುತ್ತದೆ. ಅಂದು ನಾವೂ ರ‍್ಯಾಂಪ್ ಮೇಲೆ ನಡೆಯುತ್ತೇವೆ. ಪೇಟೆಯಿಂದ ತಂದ ಪ್ಲಾಸ್ಟಿಕ್ ಮಣಿ ಹಾಕಿ, ಹಾಲಕ್ಕಿ ವೇಷ ತೊಟ್ಟ ತಂಡಕ್ಕೆ ಬಹುಮಾನವೂ ಬರುತ್ತದೆ. ತೀರ್ಪುಗಾರರ ಕುರ್ಚಿಯಲ್ಲಿ ಉಪನ್ಯಾಸಕರು, ಪ್ರಾಯೋಜಕ ಅಂಗಡಿಯ ಮಾಲೀಕರು. ಈ ವರ್ಷ ಆ ಮುಂದಿನ ಸಾಲಿನ ಒಂದು ಕುರ್ಚಿಗೆ, ಆ ಉಡುಗೆಯನ್ನು ದಿನವೂ ಉಡುವ ಒಬ್ಬ ಅಮ್ಮನ ಹೆಸರಿನ ಚೀಟಿ ಅಂಟಿಸೋಣ. ಬಸ್ ಖರ್ಚು, ಗೌರವಧನ ಕೊಟ್ಟು ಕರೆಸೋಣ. ಗಂಟು ಸರಿ ಬಿದ್ದಿದೆಯೇ ಇಲ್ಲವೇ ಎಂದು ಅವರೇ ಹೇಳಲಿ. ಮಣಿಸರ ಬೇಕಿದ್ದರೆ ಅವರಿಂದಲೇ ಕೊಳ್ಳೋಣ, ಚೌಕಾಸಿ ಇಲ್ಲದೆ. ನಾವು ಇಷ್ಟನ್ನು ಮಾಡದೆ ಮಿಲಾನ್‌ನವರನ್ನು ಪ್ರಶ್ನಿಸಿದರೆ, ಅವರು ನಮ್ಮನ್ನೇ ತಿರುಗಿ ಕೇಳಬಹುದು.